ಇಡಾಹೋದ ಮಾಸ್ಕೋದಲ್ಲಿ ಲೋಹದ ಇಂಪು

ಮಾಸ್ಕೋ ಎಂದೊಡನೆ ರಷ್ಯಾ ನೆನಪಾಗುವುದು ಸಹಜ. ಆದರೆ ಅಮೆರಿಕದ ಇಡಾಹೋ ರಾಜ್ಯದಲ್ಲೂ ಒಂದು ಮಾಸ್ಕೋ ಇದೆ. ಗೋಧಿ ಬೆಳೆಯುವ ಪಲೂಸ್ ದಿಬ್ಬಗಳ ನಡುವಿನ ಪುಟ್ಟ ಊರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಆರಂಭವಾದ ಜಾಝ್ ಉತ್ಸವಕ್ಕೆ 1985ರಲ್ಲಿ ವೈಬ್ರಾಫೋನ್ ವಾದಕ ಲಯೊನೆಲ್ ಹ್ಯಾಂಪ್ಟನ್ ಅವರ ಹೆಸರಿಡಲಾಯಿತು. 1987ರಲ್ಲಿ ಸಂಗೀತ ಶಾಲೆಗೂ ಅದೇ ಹೆಸರು ಬಂತು.

ವೈಬ್ರಾಫೋನ್‌ನಲ್ಲಿ ಕೋಲಿನಿಂದ ಬಾರಿಸುವ ಲೋಹದ ಪಟ್ಟಿಗಳಿರುತ್ತವೆ. ಪ್ರತಿ ಪಟ್ಟಿಯ ಕೆಳಗೊಂದು ಕೊಳವೆ. ಅದರ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆ. ಬಿಲ್ಲೆಯು ಕೊಳವೆಯನ್ನು ತೆರೆದು ಮುಚ್ಚಿದಂತೆಲ್ಲ ನಾದ ಅಲೆಯಾಗಿ ಏರಿಳಿಯುತ್ತದೆ. ಹ್ಯಾಂಪ್ಟನ್ ಅದನ್ನು ಬಿರುಸಾಗಿ ತಿರುಗಿಸಿದರು, ಮಿಲ್ಟ್ ಜಾಕ್ಸನ್ ನಿಧಾನವಾಗಿ. ಗ್ಯಾರಿ ಬರ್ಟನ್ ಮೋಟಾರಿನ ಗೊಡವೆಗೆ ಹೆಚ್ಚು ಹೋಗದೆ ನಾಲ್ಕು ಕೋಲು ಹಿಡಿದರು. ಪಳಗಿದ ಕಿವಿಗೆ ಮೂವರ ಗುರುತೂ ಸಿಗುತ್ತದೆ.

ಅಭ್ಯಾಸದಲ್ಲಿ ಕೈಯಷ್ಟೇ ಕಾಲಿಗೂ ಕೆಲಸ. ಪೆಡಲ್ ಒತ್ತಿದರೆ ಸ್ವರ ಉಳಿಯುತ್ತದೆ, ಬಿಟ್ಟರೆ ಅಡಗುತ್ತದೆ. ಒತ್ತಿಯೇ ಇಟ್ಟರೆ ಸ್ವರಗಳು ಒಂದರೊಳಗೊಂದು ಕಲಸಿ ಗದ್ದಲವಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಾಲಿಗೆ ಹೇಳಿಕೊಡುವುದು ಕಿವಿಯೇ. ಈ ಉತ್ಸವದಲ್ಲಿ ಶಾಲಾ ಮಕ್ಕಳು ತಾವೂ ನುಡಿಸುತ್ತಾರೆ, ನುರಿತವರನ್ನೂ ಕೇಳುತ್ತಾರೆ. ಮಕ್ಕಳ ಅಭ್ಯಾಸದ ಗಂಟೆಗಳನ್ನು ಲೆಕ್ಕ ಹಾಕುವ ಪೋಷಕರು ಕೇಳುವ ಗಂಟೆಗಳನ್ನೂ ಅದರಲ್ಲಿ ಸೇರಿಸುವುದು ಒಳ್ಳೆಯದು.