ಒಲ್ಲೆ ಅಂದ ಕಾರು

ಈ ಕಾರು ಕೊಳ್ಳುವಾಗ ಶೋರೂಮಿನ ಹುಡುಗ ಕೀಲಿಯಲ್ಲಿದ್ದ ಒಂದು ಗುಂಡಿ ತೋರಿಸಿ, ಮನೆಯೊಳಗೆ ಕೂತೇ ಇಂಜಿನ್ ಸ್ಟಾರ್ಟ್ ಮಾಡಬಹುದು ಸಾರ್ ಅಂದಾಗ ನನಗೆ ನಗು ಬಂದಿತ್ತು. ನಾನು 1994ರಲ್ಲಿ ಸಾಗರದಿಂದ ದೆಹಲಿಗೆ ಬಂದವನು. ಮೊದಲ ಕಾರು ಸೆಕೆಂಡ್ ಹ್ಯಾಂಡ್ ಮಾರುತಿ 800. ಜನವರಿ ಚಳಿಯಲ್ಲಿ ಚೋಕ್ ಎಳೆದು, ಮನೆದೇವರನ್ನು ನೆನೆದು ಸ್ಟಾರ್ಟ್ ಮಾಡಬೇಕಿತ್ತು. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ನಾಟಕ ಮುಗಿಸಿ ಹೊರಟ ರಾತ್ರಿಗಳಲ್ಲಿ ಅದನ್ನು ತಳ್ಳಿದವರನ್ನೆಲ್ಲ ಲೆಕ್ಕ ಹಾಕಿದರೆ ಸಂಘದ ಅರ್ಧ ಸದಸ್ಯರಾದರೂ ಸಿಕ್ಕಾರು! ಅಂಥವನಿಗೆ ರಿಮೋಟ್ ಸ್ಟಾರ್ಟ್ ಯಾಕೆ ಹೇಳಿ?

ಬೇಕಾಗಿದ್ದು ಅಮ್ಮನಿಗೆ. ಅಪ್ಪ ಹೋದಮೇಲೆ ಅವಳು ನಮ್ಮ ಜೊತೆ ನೋಯ್ಡಾದಲ್ಲೇ ಇದ್ದಾಳೆ. ವಯಸ್ಸು 78. ಹೋದ ವರ್ಷ ಮೇ ತಿಂಗಳಲ್ಲಿ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಹತ್ತಿ ಕೂತವಳು ಐದೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ನನ್ನ ಹೆಗಲ ಮೇಲೆ ಒರಗಿಬಿಟ್ಟಳು. ಅವತ್ತಿನಿಂದ ಹೊರಡುವ ಹತ್ತು ನಿಮಿಷ ಮೊದಲು ಬಾಲ್ಕನಿಯಿಂದಲೇ ಇಂಜಿನ್ ಸ್ಟಾರ್ಟ್ ಮಾಡಿ, ಎಸಿಯಲ್ಲಿ ಕಾರು ತಣ್ಣಗಾದ ಮೇಲೇ ಅವಳನ್ನು ಕೆಳಗೆ ಕರೆದೊಯ್ಯುವುದು. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದರೆ ಇಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ನಮಗೆ ಸಿಕ್ಕಿರುವ ಜಾಗ ಮೇಲೇ, ಬಯಲಿನಲ್ಲಿ. ಅದೂ ಅಲ್ಲದೆ ಮುಚ್ಚಿದ ಜಾಗದಲ್ಲಿ ಹೀಗೆ ಇಂಜಿನ್ ಓಡಿಸಿಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣ ತೆಗೆಯುವಾಗ ಗೊತ್ತೂ ಆಗುವುದಿಲ್ಲ.

ಮೊನ್ನೆ ಅಮ್ಮನ ಕಣ್ಣಿನ ಪರೀಕ್ಷೆಗೆ ಹೋಗಬೇಕಿತ್ತು. ಪೊರೆ ತೆಗೆಸಿ ಒಂದು ತಿಂಗಳಾಗಿದೆ. ಮಧ್ಯಾಹ್ನ ಎರಡಕ್ಕೆ ಗ್ರೇಟರ್ ನೋಯ್ಡಾದಲ್ಲಿರಬೇಕು. ಹೊರಗೆ 44 ಡಿಗ್ರಿ. ಬಾಲ್ಕನಿಗೆ ಬಂದು ಲಾಕ್ ಒತ್ತಿ, ಸ್ಟಾರ್ಟ್ ಗುಂಡಿ ಹಿಡಿದೆ. ಇಂಡಿಕೇಟರ್ ಮಿನುಗಿತು, ಇಂಜಿನ್ ಮಾತ್ರ ಉಸಿರೆತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ... ಊಹ್ಞೂಂ!

ಕೀಲಿಯ ಬ್ಯಾಟರಿ ಇರಬೇಕು ಅಂತ ಡ್ರಾಯರಿನಲ್ಲಿದ್ದ ಹೊಸ ಸಿಆರ್ 2032 ಬಿಲ್ಲೆ ಹಾಕಿದೆ. ಅದೂ ಅಲ್ಲ. ಬಾಗಿಲು ಲಾಕ್ ಆಗುತ್ತಿದೆ ಅಂದರೆ ಕೀಲಿಯ ಮಾತು ಕಾರಿಗೆ ಕೇಳಿಸುತ್ತಿದೆ ಅಂತ ತಾನೇ? ಅದು ಆಮೇಲೆ ಹೊಳೆಯಿತು. ಕೆಳಗಿಳಿದು ನೋಡಿದೆ. ಗೇರ್ 'ಪಿ'ಯಲ್ಲೇ ಇದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುವ ಕೆಂಪು ಗುಂಡಿ ಒತ್ತಿಲ್ಲ. ಹೆಂಡತಿಯ ಕೀಲಿ ಕಾರಿನೊಳಗೆ ಬಿದ್ದಿರಬಹುದೇ ಅಂತ ಸೀಟಿನ ಕೆಳಗೆಲ್ಲ ತಡಕಾಡಿದೆ. ಅದು ಅವಳ ಬ್ಯಾಗಲ್ಲೇ ಇತ್ತು. ಗಂಟೆ ಒಂದು ದಾಟಿತು. ಬೆವರು ಸುರಿಯುತ್ತಿತ್ತು, ಸಿಟ್ಟು ಅದಕ್ಕಿಂತ ಜೋರಾಗಿತ್ತು. ಹಾಳಾಗಲಿ, ಒಳಗೆ ಕೂತೇ ಸ್ಟಾರ್ಟ್ ಮಾಡಿ ಹೊರಟುಬಿಡೋಣ ಅಂತ ಮೇಲೆ ಬಂದೆ.

ಸೀರೆ ಸರಿಮಾಡಿಕೊಂಡು, ಗ್ಯಾಸ್ ಆರಿಸಿದೆಯೋ ಇಲ್ಲವೋ ಅಂತ ಮೂರನೇ ಸಲ ನೋಡುತ್ತಿದ್ದ ಅಮ್ಮ ಕೇಳಿದಳು, "ಏನಾಯ್ತೋ?"

"ಸ್ಟಾರ್ಟ್ ಆಗ್ತಾ ಇಲ್ಲಮ್ಮ. ಕೆಟ್ಟುಹೋಗಿದೆ."

"ಕೆಟ್ಟಿದೆಯೋ, ಒಲ್ಲೆ ಅಂತಿದೆಯೋ? ನಮ್ಮ ಕೌಲಿ ಕೊಟ್ಟಿಗೆ ಬಾಗಿಲಲ್ಲೇ ನಿಂತುಬಿಟ್ಟರೆ ನಿಮ್ಮಪ್ಪ ಹೊಡೀತಿರಲಿಲ್ಲ ಕಣೋ. ಲಾಟೀನು ಹಿಡ್ಕೊಂಡು ಒಳಗೆ ಹಾವು ಗೀವು ಇದೆಯಾ ಅಂತ ಮೊದಲು ನೋಡ್ತಿದ್ರು."

ನಗು ಬಂತು. ಆದರೂ ಕೆಳಗೆ ಹೋಗಿ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿದ್ದ ಪುಸ್ತಕ ತೆಗೆದೆ. ಯಾವಾಗ ರಿಮೋಟ್ ಸ್ಟಾರ್ಟ್ ಆಗುವುದಿಲ್ಲ ಅಂತ ಅಲ್ಲೊಂದು ಪಟ್ಟಿಯೇ ಇತ್ತು. ಅರ್ಧದಷ್ಟನ್ನು ನಾನಾಗಲೇ ನೋಡಿದ್ದೆ. ನಂತರದ ಸಾಲು: ಬಾನೆಟ್ ತೆರೆದಿದ್ದರೆ.

ತಲೆಯೆತ್ತಿ ನೋಡಿದೆ. ಬಾನೆಟ್ಟಿನ ಅಂಚು ಒಂದು ಬೆರಳಿನಷ್ಟು ಮೇಲೆದ್ದಿತ್ತು!

ಹಿಂದಿನ ಸಂಜೆ ವೈಪರ್ ನೀರು ತುಂಬಿಸಿದವನು ನಾನೇ. ಪೇಂಟಿಗೆ ಪೆಟ್ಟಾಗದಿರಲಿ ಅಂತ ಮೆಲ್ಲಗೆ ಬಿಟ್ಟಿದ್ದೆ. ಅದು ಪೂರ್ತಿ ಕೂತಿರಲಿಲ್ಲ, ಮೊದಲ ಕೊಕ್ಕೆಗೆ ಮಾತ್ರ ಸಿಕ್ಕಿಕೊಂಡಿತ್ತು. ಬಾನೆಟ್ ತೆಗೆದು ಯಾರಾದರೂ ಕೈ ಹಾಕಿದ್ದಾಗ ಇಂಜಿನ್ ತಾನಾಗಿ ಓಡಿದರೆ ಬೆಲ್ಟು, ಫ್ಯಾನಿಗೆ ಕೈ ಸಿಗುತ್ತದೆ. ಅದಕ್ಕೇ ಅಲ್ಲೊಂದು ಸ್ವಿಚ್ ಇಟ್ಟಿರುತ್ತಾರೆ. ಬಾನೆಟ್ ಸರಿಯಾಗಿ ಮುಚ್ಚಿಲ್ಲ ಅಂತ ಅದು ಹೇಳಿದರೆ ಕಾರು ರಿಮೋಟಿನ ಮಾತು ಕೇಳುವುದಿಲ್ಲ.

ಒಂದಡಿ ಎತ್ತಿ ಬಿಟ್ಟೆ. ಧಡ್ ಅಂತ ಕೂತಿತು. ಲಾಕ್ ಮಾಡಿ ಗುಂಡಿ ಹಿಡಿದೆ, ಇಂಜಿನ್ ಗುಂಯ್ ಅಂತು. ಖುಷಿಯಾಗಬೇಕಿತ್ತು. ನನಗೆ ಕಾಲು ನಡುಗಿತು. ಒಳಗೆ ಕೂತು ಸ್ಟಾರ್ಟ್ ಮಾಡಿದ್ದರೆ ಕಾರು ತಕರಾರಿಲ್ಲದೆ ಹೊರಡುತ್ತಿತ್ತು. ಮುಂದೆ ಮೂಡುವ ಪುಟ್ಟ ಚಿಹ್ನೆಯನ್ನು ಆ ಗಡಿಬಿಡಿಯಲ್ಲಿ ನಾನು ನೋಡುತ್ತಿದ್ದೆನೇ? ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲರೂ ಗಂಟೆಗೆ 100 ಕಿ.ಮೀ. ಹೋಗುವವರೇ. ಆ ಗಾಳಿಗೆ ಕೊಕ್ಕೆ ಬಿಟ್ಟುಕೊಂಡು ಬಾನೆಟ್ ಎದ್ದು ಗಾಜಿಗೆ ಬಡಿದಿದ್ದರೆ... ಪಕ್ಕದ ಸೀಟಿನಲ್ಲಿ ಅಮ್ಮ.

ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರು. ಏನಾಗಿತ್ತೋ ಕಾರಿಗೆ ಅಂತ ಅಮ್ಮ ದಾರಿಯಲ್ಲಿ ಕೇಳಿದಳು. ಏನಿಲ್ಲಮ್ಮ, ಬಾಗಿಲು ಸರಿ ಹಾಕಿರಲಿಲ್ಲ ಅಂದೆ. "ನೋಡು, ಮೂರು ಸಲ ನೋಡ್ಬೇಕು" ಅಂದಳು. ಬಾಯಿಮುಚ್ಚಿಕೊಂಡು ಕಾರು ಓಡಿಸಿದೆ.

ನಿಮ್ಮ ಕಾರೂ ಹೀಗೆ ಹಟ ಹಿಡಿದರೆ ಮೊದಲು ಬಾನೆಟ್ ಒತ್ತಿ ನೋಡಿ. ಬೈಯುವುದು ಆಮೇಲೆ ಇದ್ದೇ ಇದೆ :-)