ಜೇಬಿರೋ ಬೆಲ್ಟು

ಹೊಸೂರು, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಸಂತೆಗಳಲ್ಲಿ ಪಂಚೆ ಮೇಲೆ ಬಿಗಿದ ಅಂಗೈಯಗಲದ ಹಸಿರು ಬೆಲ್ಟು ಈಗಲೂ ಅಲ್ಲಲ್ಲಿ ಕಾಣುತ್ತೆ. ಪಂಚೆ ಜಾರದಂತೆ ಹಿಡಿಯೋದು ಅದರ ಸಣ್ಣ ಕೆಲಸ. ಅಸಲಿ ಕೆಲಸ ಟಿಚ್ ಬಟನ್ನಿನ ಜೇಬಿನದು: ದನ ಮಾರಿದ ದುಡ್ಡು, ಬಸ್ ಟಿಕೀಟು, ಎಲೆ ಅಡಿಕೆ, ಈಗೀಗ ಮೊಬೈಲೂ. ಹೊಟ್ಟೆಗೇ ಅಂಟಿರೋ ಜೇಬು, ಕಳ್ಳ ಕೈ ಹಾಕೋದೆಲ್ಲಿ?

1980ರಲ್ಲಿ ಇದೇ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಂತು. ಫ್ಯಾಕ್ಟರಿ ಹೆಚ್ಚಿದಂತೆ ಪ್ಯಾಂಟು, ತೊಗಲ ಬೆಲ್ಟಿನವರೂ ಹೆಚ್ಚಿದರು. ಆದರೆ ಗಾಡಿ ಜೋಡಿಸೋ ಕಡೆ ಲೋಹದ ಬಕಲ್ ತಗುಲಿದರೆ ಬಣ್ಣಕ್ಕೆ ಗೀರು. ಬಕಲ್ಲನ್ನು ಮುಚ್ಚಬೇಕು, ಇಲ್ಲ ಬೆಲ್ಟನ್ನೇ ಬಿಚ್ಚಿಡಬೇಕು. ಫಳಫಳ ಬಕಲ್ಲಿನ ಶೋಕಿ ಏನಿದ್ದರೂ ಭಾನುವಾರಕ್ಕೆ!

ನನ್ನ ಓಟು ಹಸಿರು ಬೆಲ್ಟಿಗೆ. ಜೇಬೇ ಇಲ್ಲದ ಬೆಲ್ಟಿಗೆ ಸಾವಿರ ರೂಪಾಯಿ ಯಾಕೆ ಕೊಡಬೇಕು, ನೀವೇ ಹೇಳಿ.