ಉಸಿರನ್ನು ಉಳಿಸಿಕೊಂಡು ಓಡುವುದು

ನಲವತ್ತು ದಾಟಿದ ಮೇಲೆ ಓಡಲು ಆರಂಭಿಸಿದವನಿಗೆ ಜನರು ಕೇಳುವ ಪ್ರಶ್ನೆಗಳು ಎರಡೇ. ಮೊದಲನೆಯದು, ‘ಡಾಕ್ಟರು ಹೇಳಿದರೇ?’ ಎರಡನೆಯದನ್ನು ನಮ್ಮ ಮಸೀದಿಯ ಹಿರಿಯ ಹಾಜಿಯವರೊಬ್ಬರು ಸುಬ್ಹಿ ನಮಾಝಿನ ಬಳಿಕ ತಮ್ಮ ಚಪ್ಪಲಿ ಹುಡುಕುತ್ತಾ, ಪಕ್ಕದಲ್ಲಿದ್ದ ನನ್ನ ಬೂಟುಗಳನ್ನು ನೋಡಿ ಕೇಳಿದ್ದರು: ‘ಯಾರು ಮಗಾ, ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವುದು?’ ಮೊದಲ ಪ್ರಶ್ನೆಗೆ ಹೌದು ಎಂದರೆ ಸಾಕು. ಎರಡನೆಯದಕ್ಕೆ ಉತ್ತರ ತುಸು ಉದ್ದವಾಗಿದೆ.

ಹದಿನಾಲ್ಕು ವರ್ಷ ಜುಬೈಲ್‌ನಲ್ಲಿ ದುಡಿದು ಮಂಗಳೂರಿಗೆ ಮರಳಿದಾಗ ನನ್ನ ರಕ್ತದಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯ ಫಲಿತಾಂಶ 6.3 ಎಂದು ಬಂತು. 6.5ಕ್ಕೆ ತಲಪಿದರೆ ಅದನ್ನು ಮಧುಮೇಹ ಎಂದೇ ಕರೆಯುತ್ತಾರೆ. ಆ ಅಂಕಿ ನನ್ನನ್ನು ಬೆಚ್ಚಿಬೀಳಿಸಿದ್ದಕ್ಕೆ ಕಾರಣ ನನ್ನ ತಂದೆಯವರು. ಮಧುಮೇಹ ಮೊದಲು ಅವರ ಕಾಲ್ಬೆರಳುಗಳನ್ನು ಕಸಿದುಕೊಂಡಿತು, ಆಮೇಲೆ ನಿಲ್ಲುವ ಶಕ್ತಿಯನ್ನು. ಬದುಕಿನ ಕೊನೆಯ ಆರು ವರ್ಷ ಅವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿದರು. ಶರೀಅತ್ ಅದಕ್ಕೆ ರಿಯಾಯಿತಿ ನೀಡಿದೆ, ಅವರ ಪ್ರತಿಫಲದಲ್ಲಿ ಕೊರತೆಯಾಗದು ಎಂದು ಉಸ್ತಾದರು ಸಮಾಧಾನ ಹೇಳುತ್ತಿದ್ದರು. ಆದರೂ ಒಮ್ಮೆ ತಂದೆಯವರು ನನ್ನೊಡನೆ, ಹಣೆಯನ್ನು ನೆಲಕ್ಕಿಟ್ಟು ಒಂದು ಸುಜೂದ್ ಮಾಡುವಂತಿದ್ದರೆ ಸಾಕಿತ್ತು ಎಂದರು. ಈಗ ನಮ್ಮ ಮಸೀದಿಯಲ್ಲಿ ಕುರ್ಚಿಗಳು ಒಂದು ಸಾಲು ತುಂಬಿವೆ. ಅವುಗಳಲ್ಲಿ ಕುಳಿತವರೆಲ್ಲರೂ ಎಪ್ಪತ್ತು ದಾಟಿದವರಲ್ಲ. ನನ್ನ ಜೊತೆಗೆ ಮದ್ರಸದಲ್ಲಿ ಓದಿದವರೂ ಇದ್ದಾರೆ.

ಹಾಗಾಗಿ, ಅಟ್ಟಿಸಿಕೊಂಡು ಬರುತ್ತಿದ್ದುದು ಆ ಕುರ್ಚಿ ಎಂದರೂ ತಪ್ಪಾಗದು.

ಶರೀರಕ್ಕೆ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ತಿಳಿಹೇಳಿದ್ದು ನಾವೆಲ್ಲ ಕೇಳಿರುವ ವಿಷಯ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ತಮ್ಮನ್ನು ದಂಡಿಸಿಕೊಳ್ಳುತ್ತಿದ್ದ ಯುವಕನಿಗೆ ಹೇಳಿದ ಮಾತದು. ನಾವಾದರೋ ಮತ್ತೊಂದು ತುದಿಯಿಂದ ಆ ಹಕ್ಕನ್ನು ಕಳೆಯುತ್ತಿದ್ದೇವೆ. ಮದುವೆಯ ಬಿರಿಯಾನಿ, ಹೊತ್ತು ಮೀರಿದ ಊಟ, ಮಸೀದಿಯ ಬಾಗಿಲವರೆಗೂ ಬೈಕು.

ಪಣಂಬೂರಿನಿಂದ ತಣ್ಣೀರುಬಾವಿಯ ಕಡೆಗೆ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುರುಪುರ ನದಿ ಇರುವ ಭೂಪಟ್ಟಿಯಲ್ಲಿ ಒಂದು ರಸ್ತೆಯಿದೆ. ಸುಬ್ಹಿಯ ಬಳಿಕ ನಾನು ಅಲ್ಲಿ ಆರಂಭಿಸಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಒಟ್ಟು ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ. ನನ್ನನ್ನು ಓಟಕ್ಕೆ ಎಳೆದ ಗೆಳೆಯ ಕೊಟ್ಟ ಸೂಚನೆ ಒಂದೇ: ಓಡುತ್ತಿರುವಾಗ ಪಕ್ಕದವನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಒಬ್ಬನೇ ಓಡುವ ನನಗೆ ಮಾತಿನ ಜೊತೆಗಾರನಿರಲಿಲ್ಲ. ದಿಕ್ರ್ ಹೇಳಿಕೊಂಡೆ. ಸುಬ್‌ಹಾನಲ್ಲಾಹ್ ಎಂಬುದು ತುಂಡಾಗದೆ ಬಾಯಿಂದ ಹೊರಟರೆ ವೇಗ ಸರಿಯಾಗಿದೆ. ಇದಕ್ಕಿಂತ ಒಳ್ಳೆಯ ಮಾಪಕ ನನಗೆ ಇಂದಿಗೂ ದೊರೆತಿಲ್ಲ, ಕೈಗಡಿಯಾರ ಹತ್ತು ಬಗೆಯ ಅಂಕಿ ತೋರಿಸುತ್ತಿದ್ದರೂ.

ನಿಧಾನಗತಿಗೆ ದೇಹವಿಜ್ಞಾನದ ಕಾರಣವೂ ಇದೆ. ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಗಟ್ಟಿ ನಾರುಗಳಿಗೆ ತಿಂಗಳುಗಳೇ ಬೇಕು. ಉತ್ಸಾಹಿಗಳು ಮಂಡಿ, ಹಿಮ್ಮಡಿ ನೋಯಿಸಿಕೊಳ್ಳುವುದು ಬಹುಮಟ್ಟಿಗೆ ಈ ಅಂತರದಲ್ಲೇ. ಮಧುಮೇಹದ ಅಂಚಿನಲ್ಲಿರುವವರಿಗೆ ಇನ್ನೊಂದು ಸಂಗತಿ ಮುಖ್ಯ: ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಕಾಯದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಸೃಷ್ಟಿಕರ್ತನು ನಮ್ಮೊಳಗೆ ಇಂಥದೊಂದು ಪರ್ಯಾಯ ಬಾಗಿಲನ್ನು ಇಟ್ಟಿರುವುದನ್ನು ತಿಳಿದಾಗ ನನಗೆ ನಾಚಿಕೆಯೂ ಕೃತಜ್ಞತೆಯೂ ಒಟ್ಟಿಗೇ ಉಂಟಾದವು. (ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಓಡಲು ಹೊರಡಬಾರದು, ಸಕ್ಕರೆ ಹಠಾತ್ತನೆ ಕುಸಿಯುವುದುಂಟು.)

ಓಟಕ್ಕೂ ದೀನ್‌ಗೂ ಏನು ಸಂಬಂಧ ಎನ್ನುವವರಿಗೆ ನಾನು ಹ. ಸಲಮಾ ಬಿನ್ ಅಕ್ವಅ್(ರ)ರ ವೃತ್ತಾಂತವನ್ನು ನೆನಪಿಸುತ್ತೇನೆ. ಸಹೀಹ್ ಮುಸ್ಲಿಮ್‌ನಲ್ಲಿ ಅದು ದೀರ್ಘವಾಗಿ ಬಂದಿದೆ. ಪ್ರವಾದಿ(ಸ)ರ ಒಂಟೆಗಳನ್ನು ದೋಚಿಕೊಂಡು ಹೋದವರನ್ನು ಅವರು ಬರಿಗಾಲಾಳಾಗಿಯೇ ಬೆನ್ನಟ್ಟಿ, ಬಾಣ ಬಿಡುತ್ತಾ, ಒಂಟೆಗಳನ್ನು ಬಿಡಿಸಿಕೊಂಡರು. ಅಂದಿನ ಕಾಲಾಳುಗಳಲ್ಲಿ ಅವರೇ ಶ್ರೇಷ್ಠರೆಂದು ಪ್ರವಾದಿ(ಸ)ರು ಪ್ರಶಂಸಿಸಿದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಮರಳುವ ದಾರಿಯಲ್ಲಿ, ಓಟದಲ್ಲಿ ಎಂದೂ ಸೋಲದ ಅನ್ಸಾರಿಯೊಬ್ಬರು ಮದೀನಾದವರೆಗೆ ತನ್ನೊಡನೆ ಪಂದ್ಯಕ್ಕೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಮತ್ತೆ ಮತ್ತೆ ಕೂಗುತ್ತಿದ್ದರು. ಪ್ರವಾದಿ(ಸ)ರ ಹಿಂದೆ ಒಂಟೆಯ ಮೇಲೆ ಕುಳಿತಿದ್ದ ಸಲಮಾ(ರ)ರು ಅನುಮತಿ ಪಡೆದು ಕೆಳಗೆ ಜಿಗಿದರು. ಒಂದೆರಡು ದಿಬ್ಬಗಳವರೆಗೆ ತಾನು ಉಸಿರನ್ನು ಉಳಿಸಿಕೊಳ್ಳಲೆಂದು ವೇಗವನ್ನು ತಡೆಹಿಡಿದೆ, ಆ ಬಳಿಕ ಹಿಂದಿನಿಂದ ಬಂದು ಅವರ ಹೆಗಲ ನಡುವೆ ತಟ್ಟಿ ಮುಂದೆ ಸಾಗಿದೆ ಎಂದು ಅವರೇ ವಿವರಿಸಿದ್ದಾರೆ. ಮದೀನಾಕ್ಕೆ ಮೊದಲು ತಲಪಿದವರು ಅವರೇ.

ಉಸಿರನ್ನು ಉಳಿಸಿಕೊಳ್ಳುವುದು! ಇಂದಿನ ತರಬೇತುದಾರರು ದೂರದ ಓಟಗಾರರಿಗೆ ಹೇಳಿಕೊಡುವ ಮೊದಲ ಪಾಠವೇ ಇದು. ಆರಂಭದಲ್ಲಿ ಎಲ್ಲರೂ ನಿನ್ನನ್ನು ದಾಟಿ ಹೋಗಲಿ, ದ್ವಿತೀಯಾರ್ಧವನ್ನು ವೇಗವಾಗಿ ಓಡು. ಹದಿನಾಲ್ಕು ಶತಮಾನಗಳ ಹಿಂದೆ, ಸಹಾಬಿಯೊಬ್ಬರು ದಿಬ್ಬಗಳನ್ನು ಎಣಿಸಿ ಅದನ್ನು ಮಾಡಿ ತೋರಿಸಿದ್ದರು.

ಕುದುರೆಗಳ ಪಂದ್ಯದ ಹದೀಸ್ ಕೂಡಾ ತರಬೇತಿಯ ದೃಷ್ಟಿಯಿಂದ ಓದಿದರೆ ಹೊಸದಾಗಿ ಕಾಣುತ್ತದೆ. ಮೇವು ಕೊಟ್ಟು ಬಲಪಡಿಸಿ, ಆಮೇಲೆ ಮೇವನ್ನು ಮಿತಗೊಳಿಸಿ, ಹೊದಿಕೆ ಹೊದಿಸಿ ಬೆವರಿಳಿಸಿ ಹದಗೊಳಿಸಿದ ಕುದುರೆಗಳಿಗೆ ಪ್ರವಾದಿ(ಸ)ರು ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ ಪಂದ್ಯ ಏರ್ಪಡಿಸಿದರು. ಅದು ಐದಾರು ಮೈಲು. ಹಾಗೆ ಹದಗೊಳಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದೇ ಮೈಲು. ಮೂಕ ಪ್ರಾಣಿಯ ಮೇಲೂ ಅದರ ಸಿದ್ಧತೆಗೆ ಮೀರಿದ ದೂರವನ್ನು ಹೇರಲಿಲ್ಲ. ನಮ್ಮ ಯುವಕರು ಮಾತ್ರ ಪರದೆಯ ಮೇಲೆ ಯಾರದೋ ಪದಕ ಕಂಡು, ಮೂರು ವಾರಗಳ ತಯಾರಿಯಲ್ಲಿ 21 ಕಿಲೋಮೀಟರಿಗೆ ಹೆಸರು ನೋಂದಾಯಿಸುತ್ತಾರೆ.

ನಾನು ಆ ದೂರಕ್ಕೆ ಹೆಸರು ಕೊಟ್ಟಿದ್ದು ಹದಿನಾರು ತಿಂಗಳ ಬಳಿಕ. ಅದರ ನಡುವೆ ಒಂದು ರಮಝಾನ್ ಬಂದು ಹೋಯಿತು. ಇಫ್ತಾರ್‌ಗೆ ಮುನ್ನ ಲಘುವಾಗಿ ಓಡುವವರಿದ್ದಾರೆ, ಮುಗಿಯುವ ಹೊತ್ತಿಗೆ ನೀರು ಸಿಗುತ್ತದೆಂಬ ಲೆಕ್ಕಾಚಾರ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ನನಗೆ ವಿವೇಕವೆನಿಸಲಿಲ್ಲ. ತರಾವೀಹ್‌ನ ಬಳಿಕ ವಾರಕ್ಕೆರಡು ರಾತ್ರಿ ಅರ್ಧ ಗಂಟೆ ಓಡಿದೆ, ಅಷ್ಟೇ. ಕೊನೆಯ ಹತ್ತರಲ್ಲಿ ಅದೂ ಇಲ್ಲ. ಆ ತಿಂಗಳು ಬಂದಿರುವುದು ಬೇರೆಯೇ ತಯಾರಿಗಾಗಿ.

ಉಡುಪಿನ ವಿಷಯವನ್ನು ಬೇಗ ಮುಗಿಸುತ್ತೇನೆ: ಮೊಣಕಾಲು ಮುಚ್ಚುವ, ಬೆವರು ಹಿಡಿಯದ ಸಡಿಲ ಪ್ಯಾಂಟು ಎಲ್ಲೆಡೆ ಸಿಗುತ್ತದೆ; ವೇಗಕ್ಕೆ ಅದರಿಂದ ತೊಡಕಿಲ್ಲ. ಬಹುಮಾನದ ಹಣದ ಕುರಿತು ಉಲಮಾಗಳನ್ನು ಕೇಳಿ ತಿಳಿದುಕೊಳ್ಳಬೇಕು. ನನ್ನ ವೇಗಕ್ಕೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ನಿಜವಾದ ಪರೀಕ್ಷೆ ಇರುವುದು ಫೋನಿನಲ್ಲಿ. ಸ್ಟ್ರಾವಾದಂತಹ ಆ್ಯಪ್‌ಗಳು ಪ್ರತಿ ಓಟವನ್ನೂ ಊರಿಗೆಲ್ಲ ಸಾರುತ್ತವೆ. ಅದನ್ನು ಕಂಡು ಇನ್ನೊಬ್ಬ ಹಾಸಿಗೆ ಬಿಟ್ಟೇಳುವುದಾದರೆ ಒಳ್ಳೆಯದೇ. ಆದರೆ ಮೆಚ್ಚುಗೆ ಎಣಿಸಲು ಕುಳಿತ ಮನಸ್ಸು ಓಟದಲ್ಲಿ ಮಾತ್ರ ಎಣಿಸಿ ಸುಮ್ಮನಾಗದು. ಆ ಚಾಳಿ ಸದಕಾಕ್ಕೂ ತಹಜ್ಜುದ್‌ಗೂ ಹಬ್ಬುತ್ತದೆ. ನನ್ನ ಖಾತೆಯನ್ನು ನನಗೊಬ್ಬನಿಗೇ ಕಾಣುವಂತೆ ಇಟ್ಟುಕೊಂಡಿದ್ದೇನೆ.

ನಗರದ ಅರ್ಧ ಮ್ಯಾರಥಾನ್ ನವೆಂಬರಿನಲ್ಲಿ, ಬೆಳಿಗ್ಗೆ 5ಕ್ಕೆ. ಸುಬ್ಹಿಯ ಸಮಯ ಆರಂಭವಾಗುವುದು ಸುಮಾರು 5.20ಕ್ಕೆ, ಸೂರ್ಯೋದಯ 6.30ರ ಆಚೀಚೆ. ನನ್ನಂಥ ನಿಧಾನಗತಿಯವನು ಗುರಿ ತಲಪುವಾಗ 7 ದಾಟಿರುತ್ತದೆ. ಅಂದರೆ ನಮಾಝಿನ ಸಮಯ ಪೂರ್ತಿಯಾಗಿ ಓಟದ ಒಳಗೇ ಬಂದು ಹೋಗುತ್ತದೆ. ಹೆಸರು ಕೊಡುವ ಮೊದಲೇ ಇದನ್ನು ಲೆಕ್ಕ ಹಾಕಿದ್ದೆ. ವುಝೂ ಮಾಡಿಯೇ ಹೊರಟಿದ್ದೆ. ಐದನೇ ಕಿಲೋಮೀಟರಿನ ಬಳಿ ಬಾಂಗ್ ಕೇಳಿಸಿತು. ಮುಚ್ಚಿದ ಅಂಗಡಿಯೊಂದರ ಜಗಲಿ ನೋಡಿ ಬದಿಗೆ ಸರಿದೆ. ಹಿಂದಿನಿಂದ ಇಬ್ಬರು ಯುವಕರು, ಪರಸ್ಪರ ಪರಿಚಯವಿಲ್ಲದವರು, ಅವರೂ ಬಂದು ನಿಂತರು. ವಯಸ್ಸಿನಲ್ಲಿ ಹಿರಿಯನೆಂದು ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಶಾಫಿಈ ಪದ್ಧತಿಯಂತೆ ಕುನೂತ್ ಓದುವಾಗ ದಾವಣಗೆರೆಯ ಹನಫಿ ಯುವಕ ಮೌನವಾಗಿ ಕಾದು ನಿಂತ. ನೀರಿನ ಮೇಜಿನ ಬಳಿಯಿದ್ದ ಸ್ವಯಂಸೇವಕ ಹುಡುಗಿ, ಮುಸ್ಲಿಮಳಲ್ಲ, ನಾವು ಸಲಾಮ್ ಹೇಳುವವರೆಗೂ ಅತ್ತ ಕೂಗಾಡುತ್ತಿದ್ದವರಿಗೆ ಮೆಲ್ಲಗೆ ಎಂದು ಕೈಸನ್ನೆ ಮಾಡುತ್ತಿದ್ದಳಂತೆ. ಆ ಯುವಕ ಆಮೇಲೆ ಹೇಳಿದ. ಒಟ್ಟು ಏಳು ನಿಮಿಷ. ಬೂಟಿಗೆ ಕಟ್ಟಿದ ಚಿಪ್ ಅದನ್ನೂ ಸೇರಿಸಿಯೇ ಎಣಿಸಿತು: 2 ಗಂಟೆ 38 ನಿಮಿಷ. ಫಲಿತಾಂಶದ ಪಟ್ಟಿಯಲ್ಲಿ ಆ ಏಳು ನಿಮಿಷಗಳಿಗೆ ಪ್ರತ್ಯೇಕ ಅಂಕಣವಿಲ್ಲ.

ಒಂದು ವಿಚಿತ್ರವನ್ನು ಆಗಾಗ ಯೋಚಿಸುತ್ತೇನೆ. ಇಷ್ಟೆಲ್ಲ ಓಡುವವನಿಗೂ ಜಮಾಅತ್ ತಪ್ಪುತ್ತಿದ್ದರೂ ಮಸೀದಿಗೆ ಓಡಿ ಬರಲು ಅನುಮತಿಯಿಲ್ಲ. ಇಕಾಮತ್ ಕೇಳಿದರೂ ಶಾಂತವಾಗಿ, ಗಾಂಭೀರ್ಯದಿಂದ ನಡೆದು ಬರಬೇಕೆಂಬುದು ಪ್ರವಾದಿ(ಸ)ರ ಆದೇಶ. ಬೆಳಗಿನ ಓಟ ಮುಗಿಸಿ ಬೆವರಿನಲ್ಲಿ ತೊಯ್ದವನು ಲುಹರ್‌ಗೆ ಮೆಲ್ಲಗೆ ಹೆಜ್ಜೆಯಿಡುವಾಗ, ಕಾಲುಗಳು ಯಾರ ಆಜ್ಞೆಯಲ್ಲಿವೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಈಗ ಬೂಟುಗಳ ಮೂರು ಜೊತೆಗಳಿವೆ. ಪತ್ನಿ ನಡೆಯುತ್ತಾಳೆ, ನಡುನಡುವೆ ಓಡುತ್ತಾಳೆ. ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆಂದು ಬಂಧುಗಳಲ್ಲಿ ಕೆಲವರು ಕೇಳಿದಾಗ ಆಕೆಯೇ ಉತ್ತರಿಸಿದಳು: ಪ್ರಯಾಣದಲ್ಲಿ ಪ್ರವಾದಿ(ಸ)ರು ಜನರನ್ನು ಮುಂದೆ ಕಳುಹಿಸಿ ಹ. ಆಯಿಷಾ(ರ)ರೊಡನೆ ಓಟದ ಪಂದ್ಯ ನಡೆಸಿದ್ದರಲ್ಲವೇ, ಮೊದಲ ಬಾರಿ ಗೆದ್ದದ್ದೂ ಆಯಿಷಾ(ರ)ರೇ ಅಲ್ಲವೇ ಎಂದು. ಮೂರನೆಯ ಜೊತೆ ಮಗಳದು. ಇಥಿಯೋಪಿಯದಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್ ಪರ ಓಡುವ ಸಿಫಾನ್ ಹಸನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚಿನ ಪದಕಗಳ ಬಳಿಕ ಮ್ಯಾರಥಾನ್ ಗೆದ್ದು, ಹಿಜಾಬ್ ಧರಿಸಿ ಚಿನ್ನದ ಪದಕ ಸ್ವೀಕರಿಸಿದ ಚಿತ್ರವನ್ನು ಅವಳು ತನ್ನ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ. 42 ಕಿಲೋಮೀಟರ್ ಓಡಿದ ಮೇಲೆ ಗೆಲುವಿನ ಅಂತರ ಮೂರೇ ಸೆಕೆಂಡು ಎಂಬುದು ಅವಳಿಗೆ ಇನ್ನೂ ಮುಗಿಯದ ಬೆರಗು.

ಕಳೆದ ತಿಂಗಳ ಪರೀಕ್ಷೆಯಲ್ಲಿ ನನ್ನ ಅಂಕಿ 5.6. ಅಲ್‌ಹಮ್ದುಲಿಲ್ಲಾಹ್. ಮುಂದಿನ ಓಟಕ್ಕೆ ಇನ್ನೂ ಹೆಸರು ಕೊಟ್ಟಿಲ್ಲ. ಇನ್‌ಶಾ ಅಲ್ಲಾಹ್, ಬರುವ ಚಳಿಗಾಲದಲ್ಲಿ ತಾಯಿಯನ್ನು ಉಮ್ರಾಕ್ಕೆ ಕರೆದೊಯ್ಯಬೇಕೆಂದಿದೆ. ಅವರ ಮಂಡಿಗಳು ಸಹಕರಿಸುವುದಿಲ್ಲ. ಸಫಾ–ಮರ್ವಾಗಳ ನಡುವಿನ ಏಳು ಸುತ್ತು ಒಟ್ಟು ಮೂರು ಕಿಲೋಮೀಟರಿಗೂ ತುಸು ಹೆಚ್ಚು. ಅದಕ್ಕೆ ಮೊದಲು ತವಾಫ್. ಗಾಲಿಕುರ್ಚಿ ತಳ್ಳಲು ಅಲ್ಲಿ ಜನ ಸಿಗುತ್ತಾರೆ ಎಂದು ಟ್ರಾವೆಲ್ಸ್‌ನವರು ಹೇಳಿದರು. ಹಾಜರಾ(ಅ) ತಾಯಿಯಾಗಿ ಮಗುವಿಗಾಗಿ ಓಡಿದ ದಾರಿಯದು. ಅಲ್ಲಿ ಉಮ್ಮನ ಕುರ್ಚಿಯನ್ನು ಮಗನೇ ತಳ್ಳಬೇಕೆಂಬುದು ನನ್ನ ಆಸೆ. ಜಮಾಅತ್ ಕಮಿಟಿಯವರಿಂದ ಗಾಲಿಕುರ್ಚಿಯೊಂದನ್ನು ಕೇಳಿ ತಂದು, ಅದರಲ್ಲಿ ಅಕ್ಕಿ ಮೂಟೆಯಿಟ್ಟು ತಣ್ಣೀರುಬಾವಿಯ ರಸ್ತೆಯಲ್ಲಿ ತಳ್ಳಿ ಅಭ್ಯಾಸ ಮಾಡುತ್ತಿದ್ದೇನೆ. ನೋಡಿದವರು ನಗುತ್ತಾರೆ. ಹಸಿರು ದೀಪಗಳ ನಡುವೆ ಗಂಡಸರು ಓಡುತ್ತಾರಲ್ಲ, ಅಲ್ಲಿ ನನ್ನನ್ನು ಕೂರಿಸಿಕೊಂಡು ಓಡಿ ಬೀಳಿಸಬೇಡ ಎಂದು ಉಮ್ಮ ಮೊದಲೇ ಎಚ್ಚರಿಸಿದ್ದಾರೆ. ಮೊನ್ನೆ ಅಕ್ಕಿ ಮೂಟೆಯನ್ನು ಕುರ್ಚಿಗೆ ಕಟ್ಟುತ್ತಿರುವಾಗ ಜಗಲಿಯಿಂದ ನೋಡುತ್ತಿದ್ದವರು ಕರೆದು ಹೇಳಿದರು: ‘ಭಾನುವಾರ ಅದನ್ನು ಒಳಗಿಡು ಮೋನೇ. ನಾನೇ ಬಂದು ಕೂರುತ್ತೇನೆ. ಕಡಲು ನೋಡಿ ಎಷ್ಟು ಕಾಲವಾಯಿತು.’